ಚಹಾ ಕುಡಿಯದ ಪ್ರಚಾರ

ನನ್ನ ಮೊಮ್ಮಗಳು ಗ್ರಾಮಪಂಚಾಯತಿಗೆ ಆರಿಸಿ ಬಂದಳು. ಕೈಬೆರಳಲ್ಲಿ ಎಣಿಸುವಷ್ಟು ಮತ ಹೆಚ್ಚು, ಆದರೂ ಗೆಲುವು ಗೆಲುವೇ. ನನ್ನ ಮುಖಕ್ಕೆ ಹಚ್ಚಿದ ಗುಲಾಲು ಇನ್ನೂ ತೊಳೆದಿಲ್ಲ, ತೊಳೆಯುವ ಮನಸ್ಸೂ ಇಲ್ಲ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ನನ್ನ ಹಿರಿಮಗನ ಮಗಳು ನಾಳೆ ಪಂಚಾಯತಿಯ ಕುರ್ಚಿಯಲ್ಲಿ ಕೂರುತ್ತಾಳೆ.

ಅವಳನ್ನು ಸೋಲಿಸಲು ಎದುರಾಳಿಗಿಂತ ಹೆಚ್ಚು ದುಡಿದವನು ಪುಣೆಯಲ್ಲಿರುವ ನನ್ನ ಕಿರಿಮಗ. ಪ್ರೀತಿಯಿಂದಲೇ ದುಡಿದ.

ಚುನಾವಣೆಗೆ ವಾರವಿದ್ದಾಗ ರಜೆ ಹಾಕಿ ಬಂದ. ಬಣ್ಣದ ಹಾಳೆ ಅಚ್ಚು ಹಾಕಿಸಿ ತಂದಿದ್ದ. ಅದರಲ್ಲಿ ವಿಕಾಸವಿತ್ತು, ಪಾರದರ್ಶಕತೆಯಿತ್ತು, ದೇಶದ ಭವಿಷ್ಯವೂ ಇತ್ತು. ನೀರಿನ ಟ್ಯಾಂಕರ್ ಯಾವ ಓಣಿಯಲ್ಲಿ ನಿಲ್ಲಬೇಕು ಎಂಬುದೊಂದು ಇರಲಿಲ್ಲ. ಮುಂಜಾನೆ ಮೊಮ್ಮಗಳನ್ನು ಕರೆದುಕೊಂಡು ಹೋದವನು ಬಿಸಿಲೇರುವ ಮೊದಲೇ ತಿರುಗಿ ಬಂದ.

"ಅವ್ವಾ, ಇಡೀ ವಾರ್ಡು ಮುಗಿಸಿದ್ವಿ."

"ಎಷ್ಟು ಮನ್ಯಾಗ ಚಹಾ ಕುಡದ್ರಿ?"

"ಒಂದ್ರಾಗೂ ಇಲ್ಲ. ಎಲ್ಲಾರೂ ಕುಂದ್ರಿ ಅಂದ್ರು, ಟೈಮ್ ಇಲ್ಲ ಅಂದೆ."

ಮೊಮ್ಮಗಳು ನೆಲ ನೋಡುತ್ತ, "ಕಾಕಾ ನನಗ ಕುಂದರಾಕ ಬಿಡಲಿಲ್ಲ, ಆಯಿ" ಎಂದಳು.

ನಾನು ತಲೆ ಹಿಡಿದುಕೊಂಡೆ. ನಮ್ಮೂರಲ್ಲಿ ಚಹಾ ಬೇಡವೆಂದರೆ ಆ ಮನೆಯೇ ಬೇಡವೆಂದಂತೆ. ಮಧ್ಯಾಹ್ನ ಬಳೆ ಮಾರುವ ಚಾಚಿ ಬಂದು ಕಟ್ಟೆಯ ಮೇಲೆ ಕುಳಿತಳು.

"ಅಕ್ಕಾ, ನಿನ್ನ ಮಗ ಪೋಸ್ಟಮನ್ ಹಂಗ ಕಾಗದ ಕೊಟ್ಟು ಹೋದ. ಅವಂಗಂತ ಇಟ್ಟ ಚಹಾ ನಾನೇ ಕುಡದೆ. ಓಟೂ ನನ್ನ ಕಡೇನ ಇಟಗೋಬೇಕೇನು?"

ಮಗನ ಪುಣೆಯ ಮನೆಯಲ್ಲಿ ನಾನೊಮ್ಮೆ ತಿಂಗಳಿದ್ದೆ. ಉಣ್ಣುವಾಗ ಟಿವಿ ಮುಂದೆ ಕುಳಿತು ದೇಶದ ಗಡಿಯನ್ನೆಲ್ಲ ಅವನೇ ಕಾಯುತ್ತಾನೆ. "ನಿಮ್ಮ ವಾರ್ಡಿನ ಮೆಂಬರ್ ಯಾರಪ್ಪ?" ಎಂದು ಕೇಳಿದ್ದಕ್ಕೆ ಮೊಬೈಲು ತೆಗೆದು ಹುಡುಕಿದ. ಅವನ ಮನೆಯಲ್ಲಿ ಯಾರು ಗೆದ್ದರೂ ನಲ್ಲಿ ತಿರುವಿದರೆ ನೀರು. ಅದಕ್ಕೇ ಅವರಿಗೆ ರಾಜಕಾರಣವೆಂದರೆ ಅಭಿಪ್ರಾಯ. ಇಲ್ಲಿ ಟ್ಯಾಂಕರ್ ಗೆದ್ದವರ ಓಣಿಯಲ್ಲಿ ನಿಲ್ಲುತ್ತದೆ. ನಮಗೆ ಅಭಿಪ್ರಾಯಕ್ಕೆ ಪುರಸೊತ್ತಿಲ್ಲ, ಪರಿಚಯ ಬೇಕು.

ಹಾಗಂತ ನಾವೇನು ಭಾರಿ ಶಾಣ್ಯಾರಲ್ಲ. ಇಷ್ಟು ವರ್ಷ ಆರಿಸಿದ್ದು ಯಾರನ್ನು? ಊರಲ್ಲಿ ಯಾರದೇ ಸಾವು, ಮಣ್ಣಿದ್ದರೂ ಬಂದು ಮನೆಯವರಿಗಿಂತ ಜೋರಾಗಿ ಅಳುವವನನ್ನು. ಅಷ್ಟು ಚೆಂದ ಅತ್ತವನನ್ನು ರಸ್ತೆ ಎಲ್ಲಿ, ಗಟಾರ ಎಲ್ಲಿ ಎಂದು ಕೇಳುವುದಾದರೂ ಹೇಗೆ? ಈ ಸಲ ಮೊಮ್ಮಗಳ ಎದುರಿಗೆ ನಿಂತವನೂ ಅವನೇ, ಎಲ್ಲ ಮನೆಯಲ್ಲೂ ಎರಡೆರಡು ಕಪ್ಪು ಕುಡಿದಿದ್ದ.

ಮರುದಿನ ಮಗ, ಮೊಮ್ಮಗಳು ಇಬ್ಬರನ್ನೂ ಕರೆದುಕೊಂಡು ನಾನೇ ಹೊರಟೆ. ಮೊದಲು ಚಾಚಿಯ ಮನೆ, ಆಮೇಲೆ ಓಣಿಗೆ ಓಣಿ. ಐದನೆಯ ಮನೆಯ ಹೊರಗೆ ಮಗ ಹೊಟ್ಟೆ ಹಿಡಿದು ನಿಂತ.

"ಅವ್ವಾ, ನಾ ಸಕ್ಕರಿ ಬಿಟ್ಟೀನಿ."

"ಸೀಟೂ ಬಿಡತಿ ಏನು? ನಡಿ ಒಳಗ."

ಕುಡಿದ. ಮೊಮ್ಮಗಳು ಬಶಿಯಲ್ಲಿ ಚಹಾ ಆರಿಸುತ್ತ ಎಲ್ಲರ ಮಾತು ಕೇಳಿದಳು: ಎಲ್ಲಿ ಗಟಾರ ಕಟ್ಟಿಕೊಂಡಿದೆ, ಯಾವ ಮುದುಕಿಗೆ ಕೊಡ ಹೊತ್ತು ನಡೆಯಲಾಗುವುದಿಲ್ಲ. ಅದನ್ನೆಲ್ಲ ಬಣ್ಣದ ಹಾಳೆಗಳ ಹಿಂಬದಿಗೆ ಬರೆದುಕೊಂಡಳು. ಕಾಕಾನ ಹಾಳೆಗೆ ಅಂತೂ ಒಂದು ಉಪಯೋಗವಾಯಿತು.

ಇವತ್ತು ಸಂಜೆ ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಉಣ್ಣಲು ಕುಳಿತೆವು. ಶೇಂಗಾ ಹೋಳಿಗೆ, ಎಣ್ಣೆಗಾಯಿ, ರೊಟ್ಟಿ. ಚಾಚಿಯನ್ನೂ ಕೂರಿಸಿಕೊಂಡೆವು. ಅವಳು ಮೊದಲ ತುತ್ತಿಗೇ ಶುರು ಮಾಡಿದಳು.

"ಬೇಟಿ, ನಾಳಿಂದ ಟ್ಯಾಂಕರ್ ನಮ್ಮ ಓಣ್ಯಾಗ ನಿಂದ್ರತೈತಿ, ಹೌದಿಲ್ಲೋ?"

"ಒಂದಿನ ನಿಮ್ಮ ಓಣಿ, ಒಂದಿನ ಆ ಕಡಿ ಓಣಿ, ಚಾಚಿ. ಈಗ ಉಣ್ರಿ."

ಚಾಚಿಯ ಮುಖ ಸಣ್ಣದಾಯಿತು. ಆ ಸಿಟ್ಟಿಗೋ ಏನೋ, ಪಕ್ಕದಲ್ಲಿದ್ದ ನನ್ನ ಮಗನ ತಾಟಿಗೆ ಮೂರನೆಯ ಹೋಳಿಗೆ ಹಾಕಿದಳು. ಬೇಡವೆನ್ನಲು ಕೈ ಎತ್ತಿದವನು ನನ್ನ ಕಡೆ ನೋಡಿದ. ಕೈ ಇಳಿಸಿ, ತುಪ್ಪ ಹಾಕಿಸಿಕೊಂಡು ತಿಂದ.