ಎರಡನೇ ಶಬ್ದದ ಮೇಡಂ

ನಮ್ಮ ಭೌತಶಾಸ್ತ್ರದ ಮೇಡಂ ಅವರ ಬಲಗೈ ತೋರುಬೆರಳಿನ ತುದಿ ಮೇಣದಂತೆ ಬಿಳಿಚಿಕೊಂಡಿತ್ತು. ಸಂಶೋಧನೆ ಮಾಡುತ್ತಿದ್ದಾಗ ದ್ರವ ಹೀಲಿಯಂನ ಕೊಳವೆ ತಾಗಿ, ಬೆಂಕಿಯಿಲ್ಲದೆ, ಬರೀ ತಂಪಿನಿಂದ ಸುಟ್ಟ ಗಾಯ. ಸೀಮೆಸುಣ್ಣವನ್ನು ಆ ಬೆರಳು ತಾಗದಂತೆ ಹಿಡಿಯುತ್ತಿದ್ದರು.

ಕಾಗವಾಡದ ದ್ರಾಕ್ಷಿ ತೋಟದ ಮನೆಯವರು. ಎರಡು ಬಗೆಯ ಹೀಲಿಯಂ ಬೆರೆಸಿ, ನಿರಪೇಕ್ಷ ಶೂನ್ಯದ, ಅಂದರೆ ಅದಕ್ಕಿಂತ ತಣ್ಣಗಾಗಲು ಸಾಧ್ಯವಿಲ್ಲದ ಮಟ್ಟದ, ತೀರ ಹತ್ತಿರಕ್ಕೆ ತಣಿಸಿದರೆ ಅದರೊಳಗೆ ಶಬ್ದ ಹೇಗೆ ಸಾಗುತ್ತದೆ ಎಂಬುದು ಅವರ ಸಂಶೋಧನೆ. ಆ ಎರಡರಲ್ಲಿ ಒಂದು ಬಲು ಅಪರೂಪದ್ದು. ಅದು ಸಿಗದಂತಾಗಿ ಪ್ರಯೋಗ ಅರ್ಧಕ್ಕೇ ನಿಂತಿತು. ಅಥಣಿಯ ನಮ್ಮ ಕಾಲೇಜಿಗೆ ಪಾಠ ಹೇಳಲು ಬಂದರು.

"ಅದರಾಗ ಎರಡು ಶಬ್ದ ಇರತಾವ. ಒಂದು ನಮ್ಮ ಮಾತಿನಂಥಾದ್ದು. ಎರಡನೇದು ಕಾವಿನ ಅಲೆ. ಅಲ್ಲಿ ಕಾವು ಸುಮ್ಮನ ಹರಡಂಗಿಲ್ಲ, ದನಿಯಂಗ ಓಡತೈತಿ," ಎನ್ನುತ್ತಿದ್ದರು.

"ಅದರಿಂದ ಏನು ಉಪಯೋಗ್ರಿ ಮೇಡಂ?" ಎಂದು ಕೇಳಿದ್ದೆ.

"ನನಗೂ ಗೊತ್ತಿಲ್ಲವ್ವಾ. ಖರೇ ಐತಿ, ಚಂದ ಐತಿ. ಸಾಲಂಗಿಲ್ಲೇನು?"

ಮುಂದೆ ಮಿರಜದ ಆಸ್ಪತ್ರೆಯೊಂದರಲ್ಲಿ ಎಂಆರ್‌ಐ ಯಂತ್ರ ನಡೆಸುವ ಕೆಲಸ ನನಗೆ ಸಿಕ್ಕಿತು. ಆ ದಾರಿ ತೋರಿಸಿದವರೂ ಅವರೇ. ಹೋದ ವರ್ಷ ಬಿಡದ ತಲೆನೋವೆಂದು ತಂಗಿಯ ಜೊತೆ ಅಲ್ಲಿಗೇ ಬಂದರು. ಮಲಗಿಸುವಾಗ ಕೇಳಿದರು:

"ಇದರ ಅಯಸ್ಕಾಂತಕ್ಕ ಹೀಲಿಯಂ ತುಂಬಿರತಾರಲ್ಲ, ಎಷ್ಟು ತಣ್ಣಗ ಐತಿ?"

"ನಿರಪೇಕ್ಷ ಶೂನ್ಯದ ಮ್ಯಾಲ ನಾಲ್ಕು ಡಿಗ್ರಿರಿ."

"ಅಯ್ಯ, ನಮ್ಮ ಪ್ರಯೋಗಕ್ಕ ಅದು ಕುದಿಯೋ ನೀರವ್ವಾ!"

ಇಬ್ಬರೂ ನಕ್ಕೆವು. ತುಸು ಹೊತ್ತಿಗೆ ಪರದೆಯ ಮೇಲೆ, ಅವರ ಮಿದುಳಿನ ಎಡಭಾಗದಲ್ಲಿ, ನಿಂಬೆಕಾಯಿಯಷ್ಟು ಗಡ್ಡೆ ಕಂಡಿತು. ಎಬ್ಬಿಸಲು ಹೋದಾಗ ಅವರು ನನ್ನ ಮುಖವನ್ನೇ ನೋಡಿದರು.

"ನೀ ಏನೂ ಹೇಳಬ್ಯಾಡ. ಅದು ಡಾಕ್ಟರ ಕೆಲಸ. ಕಣ್ಣು ಒರಸಿಕೋ, ಹೊರಗ ಮಂದಿ ಕಾಯಾಕತ್ತಾರ."

ಮೊದಲು ಹೋದದ್ದು ಅವರ ಮಾತು. ರಜೆ ಸಿಕ್ಕಾಗಲೆಲ್ಲ ಕಾಗವಾಡಕ್ಕೆ ಹೋಗುತ್ತಿದ್ದೆ. ಏನು ಮಾತಾಡಬೇಕೆಂದು ತೋಚದೆ, ಅವರು ಹೇಳಿಕೊಟ್ಟ ಪಾಠವನ್ನೇ ಅವರಿಗೆ ಒಪ್ಪಿಸುತ್ತಿದ್ದೆ. ಕೊನೆಯ ಸಲ, "ತೀರ ತಣ್ಣಗಾದ್ರ ಆ ಎರಡನೇ ಶಬ್ದ ನಿಂತು ಹೋಗತೈತಿ, ಅಲ್ರಿ?" ಎಂದೆ.

ಬಹಳ ದಿನಗಳಿಂದ ತುಟಿ ಬಿಚ್ಚದವರು ತಲೆ ಅಲ್ಲಾಡಿಸಿದರು. ಬಾಯಿ ಒಂದಷ್ಟು ಹೊತ್ತು ಹೆಣಗಿತು.

"ಇಲ್ಲ," ಎಂದರು.

ಅವರು ಹೇಳಿದ್ದೇ ಸರಿ. ಒಂದೇ ಬಗೆಯ ಹೀಲಿಯಂ ಇದ್ದರೆ ಆ ಅಲೆ ಅಳಿಸಿಹೋಗುತ್ತದೆ. ಮಿಶ್ರಣದಲ್ಲಿ ಹಾಗಲ್ಲ, ಅದರಲ್ಲಿ ಬೆರೆತ ಆ ಅಪರೂಪದ ಹೀಲಿಯಂನ ಕಣಗಳು ಅಂಥ ತಂಪಿನಲ್ಲೂ ಅದನ್ನು ಹೊತ್ತು ಸಾಗುತ್ತವೆ. ನಾನು ಎರಡನ್ನೂ ಕಲಸಿಬಿಟ್ಟಿದ್ದೆ.

ಆ ವಾರವೇ ತೀರಿಕೊಂಡರು. ಮಣ್ಣು ಮುಗಿಸಿ ಹೊರಟಾಗ ಅವರ ತಂಗಿ ನನ್ನ ಕೈ ಹಿಡಿದುಕೊಂಡು ಹೇಳಿದರು:

"ಅಕ್ಕ ಆಮ್ಯಾಲ ಮಾತಾಡಲೇ ಇಲ್ಲವ್ವಾ. ನಿನಗ ಅಂದಿದ್ದೇ ಕಡೀದು."