ಆಯಿಲ್ ಮೇಲೇರುವ ತನಕ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕಾರು ರಿಪೇರಿ ಮಾಡುತ್ತಿದ್ದರು. ನಾನೂ ಅವರ ಮನೆಯಲ್ಲೇ ಇದ್ದೆ; ಗ್ಯಾರೇಜು ಮನೆಗೇ ಅಂಟಿಕೊಂಡಿತ್ತು. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಗ್ರೀಸಿನ ವಾಸನೆ. ಚಳಿಗಾಲದ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದ ಮೇಲೆ ಅವರು ಆಕ್ಸಿಲರೇಟರ್ ಮುಟ್ಟದೆ ಕೈಕಟ್ಟಿ ಕೂರುತ್ತಿದ್ದರು.

"ರಾತ್ರಿಯೆಲ್ಲ ಆಯಿಲ್ ತಳದಲ್ಲಿ ಮಲಗಿರುತ್ತೆ. ಎದ್ದು ಮೇಲೆ ಹತ್ತೋಕೆ ಬಿಡಬೇಡ್ವಾ? ಕಣ್ಣು ಬಿಟ್ಟ ತಕ್ಷಣ ಓಡು ಅಂದ್ರೆ ಯಾರು ಓಡ್ತಾರೆ?"

"ನಿಮ್ಮನ್ನ ಎಬ್ಬಿಸೋಕೇ ಮೂರು ಸಲ ಕೂಗ್ಬೇಕು, ಓಡೋದು ಆಮೇಲಿನ ಮಾತು" ಎಂದು ಅಕ್ಕ ಒಳಗಿನಿಂದಲೇ ಚುಚ್ಚುತ್ತಿದ್ದಳು.

ಹೀಗೆ ಕಾಯದೆ ಹೊರಟುಬಿಡುತ್ತಾರೆಂದು ಭಾವನಿಂದ ಹೆಚ್ಚು ಬೈಸಿಕೊಂಡವರು ನರ್ಸಮ್ಮ. ದೂರದ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸುವ ಆಕೆಗೆ ಸದಾ ಅವಸರ. ಅವರ ಹಳೆಯ ಕಾರಿನ ಎಂಜಿನ್ ಟಕಟಕ ಬಡಿದುಕೊಳ್ಳುತ್ತಿತ್ತು.

"ಇದರ ಬಾಯಿ ಮುಚ್ಚಿಸಿ, ಅಣ್ಣ. ಬಸುರಿಯರು ಈ ಸದ್ದಿಗೇ ಹೆದರ್ತಾರೆ."

ಬಿಚ್ಚಿ ಸರಿಮಾಡಲು ನಾಲ್ಕು ದಿನ ಬೇಕು. ಅಷ್ಟು ದಿನ ಕಾರು ಬಿಟ್ಟಿರಲು ಅವರಿಗಾಗದು. ಭಾವ ಬೇಸಿಗೆಗೆ ಹಾಕುವ ದಪ್ಪ ಆಯಿಲ್ ತುಂಬಿಸಿದರು. ಸದ್ದು ಅಡಗಿತು. ಚಳಿ ಬಿಗಿಯುವ ಮೊದಲು ಬದಲಾಯಿಸಬೇಕೆಂದು ಹೇಳಲು ಮರೆತರು.

ಗಾಜಿನ ಮೇಲೆ ಹಿಮ ಗಟ್ಟಿಯಾಗಿದ್ದ ಒಂದು ಬೆಳಿಗ್ಗೆ ನರ್ಸಮ್ಮನಿಗೆ ಕರೆ ಬಂತು. ಅರ್ಧದಾರಿಯಲ್ಲಿ ಎಂಜಿನ್ ಕಿರುಚಿ ನಿಂತುಬಿಟ್ಟಿತು. ಚೀಲ ಹೊತ್ತು ಎರಡು ಮೈಲಿ ನಡೆದರು. ತಲುಪುವಷ್ಟರಲ್ಲಿ ಮಗು ಅಜ್ಜಿಯ ಕೈಯಲ್ಲಿ ನೀಲಿಗಟ್ಟಿತ್ತು. ಬಾಯಿಗೆ ಬಾಯಿಟ್ಟು ಊದಿ ಉಸಿರು ಬರಿಸಿದರು. ದೇವರು ಕಣ್ಣುಬಿಟ್ಟ, ಮಗು ಉಳಿಯಿತು.

ಕಾರನ್ನು ಎಳೆಸಿಕೊಂಡು ಬಂದ ನರ್ಸಮ್ಮ ಚೀಲವನ್ನು ನೆಲಕ್ಕಿಟ್ಟರು.

"ನೀವು ಬಡ್ಕೊಂಡ್ರೂ ಕೇಳಲಿಲ್ಲ. ರೊಯ್ಯಂತ ಎಳೆದು ಹಾಳು ಮಾಡ್ದೆ. ಒಂದು ಜೀವ ಹೋಗ್ತಿತ್ತು. ಸಾಕು ಈ ಕೆಲಸ, ಬಿಟ್ಟುಬಿಡ್ತೀನಿ."

ಭಾವ ಎಂಜಿನ್ ಬಿಚ್ಚಿದರು. ತಳದಲ್ಲಿ ಆಯಿಲ್ ಪಾಕದಂತೆ ಕುಳಿತಿತ್ತು. ಎಂಜಿನ್ನಿನ ತಲೆಯಲ್ಲಿ ತಿರುಗುವ ಕಬ್ಬಿಣದ ದಂಡ, ಮೇಲಿನ ಶಾಫ್ಟು, ಒಣಗಿ, ಗೀರುಬಿದ್ದು, ಕಚ್ಚಿಕೊಂಡಿತ್ತು. ಅವರೇ ತುಂಬಿಸಿದ್ದ ದಪ್ಪ ಆಯಿಲ್ ಚಳಿಗೆ ಗಟ್ಟಿಯಾಗಿ ಅಲ್ಲಿಗೆ ಹತ್ತಿಯೇ ಇರಲಿಲ್ಲ.

"ಆಕೇನೇ ತನ್ನ ತಪ್ಪು ಅಂತಿದಾಳಲ್ರೀ. ಬಾಯಿ ಬಿಟ್ರೆ ನಮ್ಮ ಬಾಗಿಲಿಗೆ ಯಾರು ಬರ್ತಾರೆ?" ಎಂದಳು ಅಕ್ಕ.

ಭಾವ ಊಟಕ್ಕೆ ಏಳಲಿಲ್ಲ. ಸಂಜೆ, ರಾತ್ರಿಯ ಅಡುಗೆಗೆ ತರಕಾರಿ ಹೆಚ್ಚುತ್ತಿದ್ದ ನನ್ನೆದುರು ಬಂದು ಕುಳಿತರು. "ಆಕೆ ಕೆಲಸ ಬಿಟ್ರೆ ಅದೂ ನನ್ನ ಲೆಕ್ಕಕ್ಕೇ ಬರುತ್ತಲ್ವೇನಮ್ಮ?" ಎಂದರು. ನಾನು ಹೌದೆಂದೆ.

ಶಾಫ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನರ್ಸಮ್ಮನ ಮನೆಗೆ ಹೊರಟರು. ನಾನೂ ಜೊತೆಗೆ ಹೋದೆ. ಮೇಜಿನ ಮೇಲೆ ಬಿಚ್ಚಿಟ್ಟು ಎಲ್ಲ ಹೇಳಿದರು. ನರ್ಸಮ್ಮ ಗೀರುಗಳ ಮೇಲೆ ಬೆರಳಾಡಿಸಿದರು.

"ಎರಡು ಮೈಲಿಯೂ ನನ್ನನ್ನೇ ಬೈಕೊಂಡು ನಡೆದೆ. ಅರ್ಧ ಬೈಗುಳ ನಿಮಗೆ ಸಲ್ಲಬೇಕಿತ್ತು."

"ಪೂರ್ತಿ ನನ್ನದೇ, ನರ್ಸಮ್ಮ."

ನರ್ಸಮ್ಮ ಕ್ಷಮಿಸಿದೆ ಎನ್ನಲಿಲ್ಲ. ಬಾಗಿಲವರೆಗೂ ಬಂದು, "ಕಾರು ಯಾವತ್ತಿಗೆ ರೆಡಿ ಆಗುತ್ತೆ?" ಎಂದಷ್ಟೇ ಕೇಳಿದರು.

ಅಕ್ಕನ ಮಾತೂ ಸುಳ್ಳಾಗಲಿಲ್ಲ. ಸುದ್ದಿ ಹರಡಿ ಆ ಚಳಿಗಾಲ ಕೆಲವು ಗಿರಾಕಿಗಳು ಬೇರೆ ಗ್ಯಾರೇಜು ಹಿಡಿದರು. ಆದರೆ ಐದನೆಯ ದಿನ ಕೊರೆಯುವ ಚಳಿಯಲ್ಲಿ ನರ್ಸಮ್ಮ ಬಂದು ಸ್ಟಿಯರಿಂಗ್ ಮುಂದೆ ಕುಳಿತರು. ತೆಳು ಆಯಿಲ್, ಹೊಸ ಶಾಫ್ಟು. ಕೀಲಿ ತಿರುಗಿಸಿದರು, ಆಯಿಲ್ ಹತ್ತಿಲ್ಲವೆಂದು ಎಚ್ಚರಿಸುವ ಕೆಂಪು ದೀಪ ಹೊತ್ತಿ ಆರಿತು. ಆದರೂ ಕೈ ಮಡಿಲಲ್ಲಿಟ್ಟುಕೊಂಡು ಕಾದರು. ಕಿಟಕಿಯ ಬಳಿ ಭಾವ ತಲೆಬಾಗಿ ನಿಂತಿದ್ದರು.

"ಆಯಿಲ್ ಹತ್ತಿತಾ, ಅಣ್ಣ?"

ಭಾವ ಇನ್ನೊಂದು ಗಳಿಗೆ ಕಿವಿಗೊಟ್ಟು ಆಲಿಸಿದರು.

"ಹತ್ತಿತು. ಹೊರಡಿ, ಯಾರೋ ಕಾಯ್ತಿರ್ತಾರೆ."