ಕಿತ್ತೆಸೆದ ಹೊರಪುಟಗಳ ಬೆನ್ನು ಹತ್ತಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ರದ್ದಿ ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆದಿದೆ. ರಟ್ಟಿನ ತಾತ ಆಗಲೇ ಒಳಗೆ ಕುಕ್ಕರಗಾಲಿನಲ್ಲಿ ಕೂತು ಕಟ್ಟು ಬಿಚ್ಚುತ್ತಿದ್ದಾರೆ. ಕಾಗದದ ಕಾರ್ಖಾನೆಯ ಲಾರಿ ಏಳಕ್ಕೆ ಬರುತ್ತದೆ. ಅಷ್ಟರಲ್ಲಿ ನಲವತ್ತು ಕಟ್ಟು ನೋಡಿ ಮುಗಿಸಬೇಕು.

"ತಾತ, ಬಿಚ್ಚಿದ್ದನ್ನ ಮತ್ತೆ ಕಟ್ಟೋರು ಯಾರು? ನಿಮ್ಮ ಕಾಟಕ್ಕೆ ತಲೆ ಚಿಟ್ಟು ಹಿಡಿದುಹೋಗಿದೆ ನಂಗೆ!" ಅಂಗಡಿಯವನ ಗೊಣಗಾಟಕ್ಕೆ ಹನ್ನೆರಡು ವರ್ಷ ತುಂಬಿದೆ. ಆದರೂ ಬಾಗಿಲು ತೆರೆಯುವುದನ್ನು ಅವನು ತಪ್ಪಿಸಿಲ್ಲ.

ತಾತ ಹುಡುಕುತ್ತಿರುವುದು ಒಂದೇ ಒಂದು ಹಾಳೆ. ಮಾಯಾಲೋಕದ ಕಾದಂಬರಿಗಳಿಂದ ಇಂದು ಮನೆಮಾತಾಗಿರುವ ಲೇಖಕರು, ತಮ್ಮ ಹೆಸರು ಯಾರೂ ಕೇಳದ ಕಾಲದಲ್ಲಿ, ಮಕ್ಕಳ ಮಾಸಿಕವೊಂದಕ್ಕೆ ರಾಕ್ಷಸನ ಕಥೆಯನ್ನು ಹನ್ನೆರಡು ಕಂತುಗಳಲ್ಲಿ ಬರೆದಿದ್ದರು. ಒಳಗೆ ಜಾಗವಿಲ್ಲದೆ ಅದು ಅಚ್ಚಾದದ್ದು ಹೊರಪುಟದ ಒಳಮೈಯಲ್ಲಿ. ಮುಂದೆ ಪುಸ್ತಕವಾಗಲೇ ಇಲ್ಲ. ಹೀಗೆ ರದ್ದಿಯಲ್ಲಿ ಸಿಕ್ಕ ಹನ್ನೊಂದು ಕಂತು ತಾತನ ಟ್ರಂಕಿನಲ್ಲಿವೆ, ಕೊನೆಯದಿಲ್ಲ.

ಗ್ರಂಥಾಲಯದಲ್ಲಿ ಸಿಗಬೇಕಲ್ಲ ಎಂದರೆ ತಾತ ಸಿಡುಕುತ್ತಾರೆ. "ಇದೆ ಸ್ವಾಮಿ, ಇಡೀ ವರ್ಷದ ಸಂಚಿಕೆ ಒಟ್ಟಿಗೆ ಹೊಲಿದು, ಗಟ್ಟಿ ರಟ್ಟು ಹಾಕಿ ಇಟ್ಟಿದ್ದಾರೆ. ಹೊರಪುಟ ಮಾತ್ರ ಒಂದೂ ಇಲ್ಲ. ಹೊಲಿಯೋಕೆ ಮುಂಚೆ ಅದನ್ನ ಕಿತ್ತು ಬಿಸಾಕೋದು ನಮ್ಮ ಕಸುಬಿನ ಪದ್ಧತಿ. ಕಿತ್ತೋರು ಯಾರು ಗೊತ್ತಾ? ನಾನೇ!"

ಮೂವತ್ತನಾಲ್ಕು ವರ್ಷ ಅದೇ ಗ್ರಂಥಾಲಯದ ಬೈಂಡರ್ ಇವರು; ರಟ್ಟಿನ ತಾತ ಎಂಬ ಹೆಸರು ಬಂದದ್ದೂ ಅದರಿಂದಲೇ. ಮಾಡಿದ್ದುಣ್ಣೋ ಮಹರಾಯ ಎಂಬ ಮಾತಿಗೆ ಬೇರೆ ಸಾಕ್ಷಿ ಬೇಕಿಲ್ಲ. ನಿವೃತ್ತಿಯ ನಂತರ ಲೇಖಕರ ಸಂದರ್ಶನದಲ್ಲಿ ಈ ಕಥೆಯ ಪ್ರಸ್ತಾಪ ಓದಿದಾಗಲೇ ತಾವು ಕಿತ್ತೆಸೆದದ್ದು ಏನೆಂದು ತಿಳಿದದ್ದಂತೆ. ಕೂಡಲೇ ಅವರಿಗೆ ಕಾಗದ ಬರೆದರು.

"ಅವರ ಹತ್ರಾನೂ ಇಲ್ವಂತೆ. ಕೊನೆ ಹೇಗೆ ಬರೆದೆ ಅನ್ನೋದೂ ಮರೆತುಹೋಗಿದೆಯಂತೆ. ಸಿಕ್ಕಿದ್ರೆ ತಿಳಿಸಿ ಅಂತಾರೆ! ಬರೆದೋರೇ ಹಿಂಗಂದ್ರೆ ನಾನು ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಲಿ?"

ತಾತನ ಹೆಂಡತಿಯ ಸಂಕಟವೇ ಬೇರೆ. "ಹನ್ನೊಂದು ಕಂತು ಓದಿ ಹೇಳಿ ನನ್ನ ನಡುನೀರಲ್ಲಿ ಕೈಬಿಟ್ರು. ಆ ರಾಕ್ಷಸ ಬಾವಿಗಿಳಿದು ಎರಡು ವರ್ಷ ಆಯ್ತು, ಮೇಲೆ ಬಂದ್ನೋ ಇಲ್ವೋ? ಇವರನ್ನ ಕೇಳಿದ್ರೆ ನನ್ನ ಮೇಲೇ ರೇಗ್ತಾರೆ. ಇವರ ಕಣ್ಣು ಬೇರೆ ದಿನದಿನಕ್ಕೂ ಮಂಜಾಗ್ತಿದೆ. ಇನ್ನೊಂದು ವರ್ಷ ಕಾಣಿಸಿದ್ರೆ ಹೆಚ್ಚು ಅಂದಿದ್ದಾರೆ ಡಾಕ್ಟ್ರು."

ಏಳಕ್ಕೆ ಸರಿಯಾಗಿ ಲಾರಿ ಬರುತ್ತದೆ. ಇಂದೂ ಬರಿಗೈ. ಕಟ್ಟುಗಳು ಒಂದೊಂದಾಗಿ ಮೇಲೇರುವುದನ್ನು ತಾತ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾರೆ. ಆ ಹಾಳೆ ಸಿಕ್ಕರೆ ಏನು ಮಾಡುತ್ತೀರಿ ಎಂದು ಕೇಳಿದರೆ, ಇದೂ ಒಂದು ಪ್ರಶ್ನೆಯೇ ಎಂಬಂತೆ ಗುರಾಯಿಸುತ್ತಾರೆ.

"ಹನ್ನೆರಡನ್ನೂ ಸೇರಿಸಿ ಹೊಲೀತೀನಿ, ಇನ್ನೇನು? ಹೊಲಿಯೋಕೆ ನಂಗೆ ಕಣ್ಣೇ ಬೇಡ, ಕೈಗೆ ಗೊತ್ತು. ಹುಡುಕೋಕೆ ಬೇಕಲ್ಲ. ಅಲ್ಲೀವರೆಗೆ ಇದ್ರೆ ಸಾಕು."